ಕರೆಂಟ್ ಆವಿಗೆ: ಆರಿತು ಅಂತ ಹೆಂಗೆ ಗೊತ್ತಾಗುತ್ತೆ?

ನಮ್ಮ ಸ್ಟುಡಿಯೋಗೆ ಮೊದಲ ಸಲ ಬಂದ ಹಿರಿಯ ಕುಂಬಾರರೊಬ್ಬರು ಮಡಕೆ ಸುಡುವ ಕಿಲ್ನ್, ಅಂದರೆ ಕರೆಂಟ್ ಆವಿಗೆಯ ಮುಂದೆ ಕೈಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದರು. ಆಯುಷ್ಯವೆಲ್ಲ ಸೌದೆ, ತೆಂಗಿನ ಗರಿ, ಹೊಟ್ಟು ಒಟ್ಟಿ ಆವಿಗೆ ಸುಟ್ಟವರು.

"ಇದ್ರಲ್ಲಿ ಬೆಂಕಿನೇ ಕಾಣಲ್ವಲ್ಲಪ್ಪ."

"ಇಲ್ಲ ತಾತ, ಕರೆಂಟು."

"ಸರಿ. ಮತ್ತೆ ಆರಿತು ಅಂತ ಹೆಂಗೆ ಗೊತ್ತಾಗುತ್ತೆ?"

ನಾನು ಬಿಸಿ ಅಳೆದು ಕಿಲ್ನನ್ನು ನಡೆಸುವ ಕಂಟ್ರೋಲರಿನ ಕೆಂಪು ಅಂಕಿಗಳನ್ನು ತೋರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿದ ಹಾಗೆ ಕಾಣಲಿಲ್ಲ. ಅವರು ಒಪ್ಪದಿದ್ದುದೇ ಸರಿ ಎಂದು ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ. ರಾತ್ರಿ ಬಿಸ್ಕ್, ಅಂದರೆ ಗ್ಲೇಜ್ ಎಂಬ ಗಾಜಿನಂಥ ಲೇಪ ಹಚ್ಚುವ ಮೊದಲಿನ ಸುಡುವಿಕೆ, ಹಾಕಿ ಮನೆಗೆ ಹೋಗಿದ್ದೆ. ಸಾವಿರ ಡಿಗ್ರಿಗೆ ತಾನೇ ನಿಲ್ಲಬೇಕಿತ್ತು. ಬೆಳಿಗ್ಗೆ ಬೀಗ ತೆಗೆದರೆ ಕೋಣೆಯೇ ಒಲೆಯಾಗಿತ್ತು. ಡಿಸ್‌ಪ್ಲೇಯಲ್ಲಿ 1190. ಕಂಟ್ರೋಲರ್ ತನ್ನ ಮಟ್ಟಿಗೆ "ಮುಗಿಯಿತು" ಎಂದು ತೋರಿಸುತ್ತಲೇ ಇತ್ತು, ಕಿಲ್ನ್ ಏರುತ್ತಲೇ ಇತ್ತು. ಮೇನ್ ಎಳೆದೆ. ಎರಡು ದಿನದ ಮೇಲೆ ಬಾಗಿಲು ತೆಗೆದಾಗ ಕೆಂಪು ಮಣ್ಣಿನ ಲೋಟಗಳು ಬಿಸಿಲಿಗಿಟ್ಟ ಬೆಲ್ಲದ ಅಚ್ಚಿನ ಹಾಗೆ ಕುಸಿದು ಶೆಲ್ಫಿಗೆ ಅಂಟಿಕೊಂಡಿದ್ದವು. ಕಂಟ್ರೋಲರ್ ಹೇಳಿದಂತೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್ ಬಿಚ್ಚಿದರೆ ಒಳಗಿನ ಎರಡು ಬೆಳ್ಳಿ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಸ್ಕ್ರೂಡ್ರೈವರ್ ತುದಿ ಹಾಕಿ ಮೀಟಬೇಕಾಯಿತು.

ಸೌದೆ ಆವಿಗೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಸೌದೆ ಹಾಕುವುದನ್ನು ಮರೆತರೆ ಬೆಂಕಿ ತಾನಾಗಿ ಆರುತ್ತದೆ. ಇಲ್ಲಿ ಆರಿಸುವುದನ್ನು ಮರೆತರೆ, ಅಥವಾ ಆರಿಸಬೇಕಾದ ಭಾಗ ಕೆಟ್ಟರೆ, ಉರಿ ನಿಲ್ಲುವುದೇ ಇಲ್ಲ. ಎಲೆಕ್ಟ್ರಿಕ್ ಕಿಲ್ನಿನ ಸುರಕ್ಷತೆ ಅಂತ ಯಾರಾದರೂ ಕೇಳಿದರೆ ನಾನು ಶಾಕಿನಿಂದ ಶುರು ಮಾಡುವುದಿಲ್ಲ, ಇಲ್ಲಿಂದ ಶುರು ಮಾಡುತ್ತೇನೆ.

ಒಳಗಿರುವ ಸಾಮಾನು ನೋಡಿದರೆ ಇಷ್ಟೇನಾ ಅನಿಸುತ್ತದೆ. ಕೈಯಲ್ಲಿ ಹಿಡಿದರೆ ಬ್ರೆಡ್ಡಿನಷ್ಟು ಹಗುರವಾದ, ಉಗುರಲ್ಲಿ ಗೀರಿದರೆ ಪುಡಿ ಉದುರುವ ಬಿಳಿ ಇಟ್ಟಿಗೆ. ಅದರಲ್ಲಿ ಕೊರೆದ ತೋಡುಗಳು, ತೋಡಿನೊಳಗೆ ಸುರುಳಿ ತಂತಿ, ಅದೇ ಎಲಿಮೆಂಟ್. ಅದು ಹಳೇ ಕಾಯಿಲ್ ಒಲೆಯ ನೈಕ್ರೋಮ್ ಅಲ್ಲ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಲೋಹ. 1931ರಲ್ಲಿ ಸ್ವೀಡನ್ನಿನ ಹಾಲ್‌ಸ್ಟಾಹಮ್ಮರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋ ಇದರ ಕಂಪನಿ ಕಟ್ಟಿದ, ಅವನ ಹೆಸರಿನ ಗುರುತು ಈ ತಂತಿಯ 'ಕಾಂಥಾಲ್' ಎಂಬ ಹೆಸರಿನಲ್ಲಿ ಉಳಿದಿದೆ. ಕಾದಾಗ ತಂತಿಯ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಚಿಪ್ಪು ಕಟ್ಟುತ್ತದೆ, ಅದೇ ಅದರ ರಕ್ಷೆ. ಆ ತಂತಿಗೆ ಹೊದಿಕೆ ಇಲ್ಲ ಎಂಬುದು ನೆನಪಿರಲಿ. 230 ವೋಲ್ಟ್ ಹರಿಯುವ ಬತ್ತಲೆ ತಂತಿ ಅದು, ನೀವು ಕೈ ಚಾಚುವ ಜಾಗದಲ್ಲೇ ಇದೆ. ಕಿಲ್ನ್ ಆನ್ ಇದ್ದಾಗ ಬಾಗಿಲು ತೆಗೆದು ಕಬ್ಬಿಣದ ಇಕ್ಕಳ ಒಳಗೆ ಹಾಕಬಾರದು ಅನ್ನುವುದು ಇದಕ್ಕೇ. ಸಿಲಿಕಾನ್ ಕಾರ್ಬೈಡ್ ಶೆಲ್ಫ್ ಬಳಸುವವರು ಇನ್ನೂ ಒಂದು ಬೆರಳು ದೂರ ಇಡಬೇಕು, ಏಕೆಂದರೆ ಅದರ ಮೂಲಕ ಕರೆಂಟ್ ಹರಿಯುತ್ತದೆ. ಇಟ್ಟಿಗೆಯೂ ತಣ್ಣಗಿದ್ದಾಗ ಕರೆಂಟ್ ತಡೆಯುತ್ತದೆ, ಕೆಂಪಗೆ ಕಾದಾಗ ಸ್ವಲ್ಪ ಸೋರಲು ಬಿಡುತ್ತದೆ. ಹೊರಗಿನ ಸ್ಟೀಲ್ ಕವಚಕ್ಕೆ ಅರ್ತಿಂಗ್ ಇಲ್ಲದ ಕಿಲ್ನನ್ನು ಮುಟ್ಟಬೇಡಿ, ಮಾರಿದವರು ಎಷ್ಟೇ ಭರವಸೆ ಕೊಟ್ಟರೂ.

ಇನ್ನು ಆರಿಸುವ ಭಾಗಗಳು. ಥರ್ಮೋಕಪಲ್ ಎಂಬುದು ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದ ಕಡ್ಡಿ. ತುದಿ ಕಾದರೆ ಚೂರು ವೋಲ್ಟೇಜ್ ಹುಟ್ಟುತ್ತದೆ. ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಇರುವ 'ಕೆ' ಮಾದರಿಯಲ್ಲಿ 1000 ಡಿಗ್ರಿಗೆ ಹುಟ್ಟುವುದು ಬರೀ 41 ಮಿಲಿವೋಲ್ಟ್. ಇಷ್ಟು ಸಣ್ಣ ಸುದ್ದಿಯನ್ನು ನಂಬಿ ಕಂಟ್ರೋಲರ್ ತೀರ್ಮಾನ ಮಾಡುತ್ತದೆ. ಸುದ್ದಿ ತಪ್ಪಾದರೆ ತೀರ್ಮಾನವೂ ತಪ್ಪು. ಕಡ್ಡಿ ಜಾರಿ ಗೋಡೆಯೊಳಗೆ ಅರ್ಧ ಹಿಂದೆ ಸರಿದಿದ್ದರೆ ಅದು ಇಟ್ಟಿಗೆಯ ಬಿಸಿ ಹೇಳುತ್ತದೆ, ಒಳಗಿನದ್ದಲ್ಲ. ಕಂಟ್ರೋಲರ್ "ಇನ್ನೂ ಕಾಯಬೇಕು" ಅಂದುಕೊಂಡು ಉರಿ ಹಾಕುತ್ತಲೇ ಇರುತ್ತದೆ. ಕಡ್ಡಿಯಿಂದ ಕಂಟ್ರೋಲರಿಗೆ ಹೋಗುವ ತಂತಿ ಕಾಂಪೆನ್ಸೇಟಿಂಗ್ ಕೇಬಲ್ ಆಗಿರಬೇಕು. ಮನೆಯಲ್ಲಿ ಉಳಿದಿದ್ದ ತಾಮ್ರದ ವೈರ್ ಸೇರಿಸಿದರೆ, ಜೋಡಣೆ ಇರುವ ಜಾಗ 60 ಡಿಗ್ರಿ, ಕಂಟ್ರೋಲರ್ ಇರುವ ಜಾಗ 30 ಡಿಗ್ರಿ ಇದ್ದರೆ, ಆ 30 ಡಿಗ್ರಿಯ ಸುಳ್ಳು ಸೇರಿಕೊಳ್ಳುತ್ತದೆ. ತೋರಿಸುವುದಕ್ಕಿಂತ ಕಿಲ್ನ್ ಅಷ್ಟು ಹೆಚ್ಚು ಕಾದಿರುತ್ತದೆ.

ಎಲೆಕ್ಟ್ರಿಷಿಯನ್ನರು ಬೀಳುವ ಹಳ್ಳವೊಂದಿದೆ. ಅಮೆರಿಕದ ಪದ್ಧತಿಯ ಕೆ ಮಾದರಿ ಕೇಬಲ್ಲಿನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ನಮ್ಮವರ ಕೈ ಕೆಂಪು ಕಂಡರೆ ಪ್ಲಸ್ಸಿಗೇ ಹೋಗುತ್ತದೆ. ಉಲ್ಟಾ ಕೊಟ್ಟರೆ ಕಿಲ್ನ್ ಕಾದಷ್ಟೂ ಡಿಸ್‌ಪ್ಲೇ ಇಳಿಯುತ್ತದೆ. ಬಣ್ಣ ಮಾಸಿ ಗೊತ್ತಾಗದಿದ್ದರೆ ಥರ್ಮೋಕಪಲ್ಲಿನ ತಂತಿಗಳಿಗೆ ಒಂದು ಅಯಸ್ಕಾಂತ ಹಿಡಿಯಿರಿ. ಕೆ ಮಾದರಿಯಲ್ಲಿ ಅಂಟಿಕೊಳ್ಳುವ ತಂತಿ ಮೈನಸ್.

ಕಂಟ್ರೋಲರ್ ತಾನೇ ಕರೆಂಟ್ ಕಡಿಯುವುದಿಲ್ಲ, ಕಾಂಟ್ಯಾಕ್ಟರಿಗೋ ರಿಲೇಗೋ ಹೇಳುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಟಕ್ ಟಕ್ ಎಂದು ಆನ್ ಆಗಿ ಆಫ್ ಆಗುವ ಕಿಲ್ನ್ ಎಂಟು ಗಂಟೆಯ ಒಂದು ಸುಡುವಿಕೆಯಲ್ಲಿ 960 ಸಲ ಬಡಿದಿರುತ್ತದೆ. ನೂರು ಸಲ ಸುಟ್ಟರೆ ಲಕ್ಷದ ಹತ್ತಿರ. ಸಾಧಾರಣ ರಿಲೇಗಳ ಆಯುಸ್ಸೂ ಅಲ್ಲೇ ಎಲ್ಲೋ ಮುಗಿಯುತ್ತದೆ. ಪ್ರತಿ ಸಲ ಬಿಡುವಾಗ ಒಂದು ಕಿಡಿ, ಪ್ರತಿ ಕಿಡಿಗೂ ಬಿಲ್ಲೆ ಒಂದಿಷ್ಟು ಕರಗುತ್ತದೆ. ಒಂದು ದಿನ ಬಿಡುವುದೇ ಇಲ್ಲ. ಬಿಲ್ಲೆಗಳಿಲ್ಲದ, ಸದ್ದಿಲ್ಲದ ಎಲೆಕ್ಟ್ರಾನಿಕ್ ರಿಲೇ, ಅಂದರೆ ಎಸ್‌ಎಸ್‌ಆರ್ ಹಾಕಿದರೆ ಈ ಸವೆತ ಇಲ್ಲ ಅನ್ನುತ್ತಾರೆ. ನಿಜ. ಆದರೆ ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಅಂದರೆ ಆನ್ ಆಗಿಯೇ. ಸಾಲದ್ದಕ್ಕೆ ಅದು ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುತ್ತದೆ. ಕಂಟ್ರೋಲರ್ ಆಫ್ ಆಗಿದೆ ಎಂದು ಎಲಿಮೆಂಟ್ ಮುಟ್ಟುವುದು ಮೂರ್ಖತನ.

ಆದ್ದರಿಂದ ಕಡಿಯುವುದು ಎರಡಿರಬೇಕು. ದಿನಾ ಕೆಲಸ ಮಾಡುವುದು ಒಂದು, ಅದರ ಹಿಂದೆ ಸುಮ್ಮನೆ ಕಾವಲಿರುವುದು ಇನ್ನೊಂದು. ಎರಡನೇ ಕಾಂಟ್ಯಾಕ್ಟರಿಗೆ ಬೇರೆಯದೇ ಥರ್ಮೋಕಪಲ್, ಬೇರೆಯದೇ ಲಿಮಿಟ್ ಕಂಟ್ರೋಲರ್; ನೀವು ಮುಟ್ಟಬೇಕಾದ ತಾಪಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಮೇಲೆ ಅದು ಕರೆಂಟ್ ಕಡಿದು ಬಿದ್ದುಹೋಗಬೇಕು, ಬಿದ್ದ ಮೇಲೆ ಮನುಷ್ಯ ಬಂದು ಒತ್ತುವ ತನಕ ಏಳಬಾರದು. ದುಡ್ಡು ಕೇಳುವ ಮಾತು, ಗೊತ್ತು. ಒಂದು ಸಲ ಕರಗಿದ ಶೆಲ್ಫು, ತೋಡಿನೊಳಗೆ ಇಳಿದ ಗ್ಲೇಜು, ಹೋದ ಎಲಿಮೆಂಟು ಲೆಕ್ಕ ಹಾಕಿದರೆ ಇದೇ ಅಗ್ಗ. ಅದಿಲ್ಲದವರು ಮಾಡಬಹುದಾದದ್ದು ಇಷ್ಟು: ರಾತ್ರಿ ಹಾಕಿ ಮಲಗುವ ಬದಲು ಬೆಳಿಗ್ಗೆ ಐದಕ್ಕೆ ಶುರು ಮಾಡಿ, ಕೊನೆಯ ಒಂದು ಗಂಟೆ ಕಿಲ್ನ್ ಹತ್ತಿರವೇ ಇರಿ.

ಕಿಲ್ನಿನೊಳಗೆ ಕೋನ್ ಇಡುವುದನ್ನು ಬಿಡಬೇಡಿ. ಡಿಜಿಟಲ್ ಕಂಟ್ರೋಲರ್ ಬಂದ ಮೇಲೆ ಇದನ್ನು ಮರೆತವರೇ ಹೆಚ್ಚು. ಬರ್ಲಿನ್ನಿನ ಹರ್ಮನ್ ಝೇಗರ್ 1886ರಲ್ಲಿ ಶುರು ಮಾಡಿದ್ದು, ಓಹಾಯೋದ ಎಡ್ವರ್ಡ್ ಆರ್ಟನ್ 1896ರಿಂದ ಮಾಡಿದ್ದು. ನಿಗದಿತ ಬಿಸಿಗೆ ಬಾಗುವ ಮಣ್ಣಿನ ಸಣ್ಣ ಗೋಪುರ. ಥರ್ಮೋಕಪಲ್ ಈ ಕ್ಷಣದ ತಾಪ ಹೇಳುತ್ತದೆ, ಮಣ್ಣು ಎಷ್ಟು ಬೆಂದಿದೆ ಎಂದು ಹೇಳುವುದಿಲ್ಲ. ಸಕ್ಕರೆ ಪಾಕ ಮಾಡುವವರು ಒಲೆ ನೋಡುತ್ತಾರೋ, ಎಳೆ ನೋಡುತ್ತಾರೋ? ಕೋನ್ ಎಂದರೆ ಎಳೆ ನೋಡುವುದು. ಬೇಗ ಏರಿಸಿದರೆ ಹೆಚ್ಚು ತಾಪಕ್ಕೆ ಬಾಗುತ್ತದೆ, ನಿಧಾನ ಏರಿಸಿದರೆ ಕಡಿಮೆ ತಾಪಕ್ಕೇ ಬಾಗುತ್ತದೆ, ಒಳಗಿರುವ ಮಡಕೆಯ ಹಾಗೆಯೇ. ಬೇಕಾದ ಕೋನು, ಅದರ ಕೆಳಗಿನದ್ದು, ಮೇಲಿನದ್ದು ಮೂರನ್ನೂ ಸಾಲಾಗಿ ಇಟ್ಟರೆ ಕಂಟ್ರೋಲರ್ ಸುಳ್ಳು ಹೇಳಲು ಶುರು ಮಾಡಿದ ವಾರವೇ ಸಿಕ್ಕಿಬೀಳುತ್ತದೆ. ಸಂಖ್ಯೆ ಓದುವಾಗ ಮಾತ್ರ ಕಣ್ಣು ತೆರೆದಿರಲಿ. ಕೋನ್ 06 ಅಂದರೆ ಸುಮಾರು 1000 ಡಿಗ್ರಿ; ಕೋನ್ 6 ಅಂದರೆ ಸುಮಾರು 1220. ಅಂಕಿಗೆ ಮೊದಲು ಬರುವ ಸೊನ್ನೆ ಇಲ್ಲಿ ಮೈನಸ್ ಗುರುತಿನ ಹಾಗೆ. ಆ ಸೊನ್ನೆ ಒತ್ತಲು ಮರೆತು ಕೆಂಪು ಮಣ್ಣಿನ ಇಡೀ ಲೋಡನ್ನು ಕರಗಿಸಿದವರು ನನಗೆ ಇಬ್ಬರು ಗೊತ್ತು.

ಕರೆಂಟ್ ಲೆಕ್ಕಕ್ಕೆ ಬರೋಣ. ಸಿಂಗಲ್ ಫೇಸಿನ ಸಣ್ಣ ಕಿಲ್ನ್ 16 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 230 ವೋಲ್ಟಿಗೆ ಅದು 3,680 ವ್ಯಾಟ್, ಎಲಿಮೆಂಟಿನ ಪ್ರತಿರೋಧ 14.4 ಓಮ್. ಇದನ್ನು ಗೀಸರಿನ ಪ್ಲಗ್ಗಿಗೆ ಸಿಕ್ಕಿಸಬಹುದಲ್ಲ ಅನ್ನುತ್ತಾರೆ. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ, ಕಿಲ್ನ್ ಹತ್ತು ಗಂಟೆ ಓಡುತ್ತದೆ. ಪ್ಲಗ್ಗಿನ ಪಿನ್ ಹಿಡಿತ ಸ್ವಲ್ಪ ಸಡಿಲವಾದರೂ ಅಲ್ಲಿ ಬಿಸಿ ಹುಟ್ಟಿ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಪ್ಲಗ್ ಬೇಡ, ನೇರವಾಗಿ ಎರಡೂ ತಂತಿಯನ್ನು ಒಟ್ಟಿಗೆ ಕಡಿಯುವ ಸ್ವಿಚ್ಚಿಗೆ, ಅಂದರೆ ಡಬಲ್ ಪೋಲ್ ಐಸೋಲೇಟರಿಗೆ ಕೊಡಿ. ಹತ್ತಾರು ಗಂಟೆ ಓಡುವ ಲೋಡಿಗೆ, ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚಿನ ಶೇಕಡಾ 80ರಷ್ಟೇ ಬಳಸುವುದು ವಾಡಿಕೆ. ಆದ್ದರಿಂದ 16 ಆಂಪಿಯರಿಗೆ 20ರ ಎಂಸಿಬಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಮೀಟರ್ ಬೋರ್ಡಿನಿಂದ ಕಿಲ್ನಿಗೇ ಮೀಸಲಾದ ಲೈನ್, ಜೊತೆಗೆ ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಡಬಲ್ ಪೋಲ್ ಯಾಕೆಂದರೆ ನಮ್ಮ ಕಟ್ಟಡಗಳಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿರುವುದು ಅಪರೂಪವಲ್ಲ. ಆಗ ಒಂದೇ ತಂತಿ ಕಡಿಯುವ ಸ್ವಿಚ್ ಆಫ್ ಮಾಡಿದರೂ ಎಲಿಮೆಂಟ್ ಪೂರ್ತಿ ಜೀವಂತವಾಗಿರುತ್ತದೆ. ದೊಡ್ಡ ಕಿಲ್ನ್ ಆದರೆ ಮೂರು ಫೇಸ್. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಂಡೇ ಆರ್ಡರ್ ಕೊಡಿ.

ಇದೇ ಲೆಕ್ಕದಿಂದ ಇನ್ನೊಂದು ಕಾಟವೂ ಅರ್ಥವಾಗುತ್ತದೆ. "ಕಿಲ್ನ್ 1150ಕ್ಕೆ ನಿಂತುಬಿಡುತ್ತೆ ಸಾರ್, ಮುಂದೆ ಹೋಗಲ್ಲ" ಎನ್ನುವ ಫೋನ್ ಬೇಸಿಗೆಯಲ್ಲೇ ಜಾಸ್ತಿ. ವೋಲ್ಟೇಜ್ 200ಕ್ಕೆ ಇಳಿದರೆ ಅದೇ 14.4 ಓಮಿನ ಎಲಿಮೆಂಟ್ ಕೊಡುವುದು ಸುಮಾರು 2,780 ವ್ಯಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ಶೇಕಡಾ 13, ಶಕ್ತಿ ಇಳಿದದ್ದು ಕಾಲು ಭಾಗ. ಎಲಿಮೆಂಟ್ ಬದಲಿಸುವ ಮೊದಲು ಕಿಲ್ನ್ ಓಡುತ್ತಿರುವಾಗ ವೋಲ್ಟೇಜ್ ಎಷ್ಟಿದೆ ಎಂದು ತಿಳಿದವರಿಂದ ಅಳೆಸಿ. ವೋಲ್ಟೇಜ್ ಸರಿಯಿದ್ದೂ ಏರದಿದ್ದರೆ ಎಲಿಮೆಂಟ್ ಮುದಿಯಾಗಿದೆ. ವಯಸ್ಸಾದಂತೆ ತಂತಿ ಒಳಗೊಳಗೇ ಸವೆದು ಪ್ರತಿರೋಧ ಏರುತ್ತದೆ. ಹೊಸದಿದ್ದಾಗಿನ ಓಮನ್ನು ಕಿಲ್ನಿನ ಮೈಮೇಲೆ ಮಾರ್ಕರಿನಲ್ಲಿ ಬರೆದಿಡಿ. ಅದಕ್ಕಿಂತ ಶೇಕಡಾ ಹತ್ತು ಏರಿದ್ದರೆ, ಅಂದರೆ 14.4 ಇದ್ದದ್ದು 15.8 ಆಗಿದ್ದರೆ, ಬದಲಿಸುವ ಕಾಲ ಬಂತು.

ರಿಪೇರಿಗೆ ಕೈ ಹಾಕುವ ಮುನ್ನ ಐಸೋಲೇಟರ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಳ್ಳಿ. ಬೇರೆಯವರು "ಯಾಕೋ ಆಫ್ ಆಗಿದೆ" ಎಂದು ಆನ್ ಮಾಡಿಬಿಡುವ ಅಪಾಯ ನೀವು ಎಣಿಸಿದ್ದಕ್ಕಿಂತ ದೊಡ್ಡದು. ಆಮೇಲೆ ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಬೇರೆ ಸಾಕೆಟ್ಟಿನಲ್ಲಿ ನೋಡಿ, ಕಿಲ್ನಿನ ಟರ್ಮಿನಲ್ಲಿನಲ್ಲಿ ನೋಡಿ, ಮತ್ತೆ ಆ ಸಾಕೆಟ್ಟಿನಲ್ಲಿ ನೋಡಿ. ಮೂರನೆಯದು ಯಾಕೆ ಅಂದರೆ ನಡುವೆ ಮೀಟರೇ ಸತ್ತಿರಬಹುದು. ಹತ್ತು ರೂಪಾಯಿ ಟೆಸ್ಟರಿನ ದೀಪ ಹತ್ತಲಿಲ್ಲ ಎಂದು ನಂಬಿ ಕೈ ಹಾಕಬೇಡಿ.

ಕವಚ ಬಿಚ್ಚಿದರೆ ಹತ್ತರಲ್ಲಿ ಆರು ಸಲ ಕಾಯಿಲೆ ಕಣ್ಣಿಗೇ ಕಾಣುತ್ತದೆ ಎಂಬುದು ನನ್ನ ಅನುಭವ. ಎಲಿಮೆಂಟಿನ ಬಾಲ ಹೊರಗೆ ಬಂದು ವೈರಿಗೆ ಸೇರುವ ಟರ್ಮಿನಲ್ ನೋಡಿ. ಚೆನ್ನಾಗಿರುವುದು ಲೋಹದ ಬಣ್ಣದಲ್ಲೇ ಇರುತ್ತದೆ. ಕೆಟ್ಟದ್ದು ಕಪ್ಪಗೆ, ಸ್ಕ್ರೂ ತಿರುಗಿಸಲು ಹೋದರೆ ತಲೆಯೇ ಮುರಿದು ಬರುವಷ್ಟು ಒರಟಾಗಿ, ಪಕ್ಕದ ವೈರಿನ ಹೊದಿಕೆ ಸುಟ್ಟ ಹಪ್ಪಳದ ಹಾಗೆ ಉಬ್ಬಿ ಒಡೆದು ಕೂತಿರುತ್ತದೆ. ಲೂಸ್ ಕನೆಕ್ಷನ್ ಬಿಸಿ ಹುಟ್ಟಿಸುತ್ತದೆ, ಬಿಸಿ ಸ್ಕ್ರೂವನ್ನು ಇನ್ನಷ್ಟು ಸಡಿಲಿಸುತ್ತದೆ. ಕಪ್ಪಾದ ವೈರನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಟರ್ಮಿನಲ್ ಹೊಸದು ಹಾಕಿ. ಇಲ್ಲಿ ಮನೆಯ ಪಿವಿಸಿ ವೈರ್ ನಡೆಯುವುದಿಲ್ಲ, ಸಾಧಾರಣ ಪಿವಿಸಿ ತಾಳುವುದು 70 ಡಿಗ್ರಿ. ಫೈಬರ್‌ಗ್ಲಾಸ್ ಅಥವಾ ಸಿಲಿಕೋನ್ ಹೊದಿಕೆಯ ವೈರ್ ಕೇಳಿ. ಹೊಸ ಟರ್ಮಿನಲ್ ಹಾಕಿ ಒಂದೆರಡು ಸಲ ಸುಟ್ಟ ಮೇಲೆ, ಮತ್ತೆ ಬೀಗ ಹಾಕಿ, ಮತ್ತೆ ಬಿಗಿ ಮಾಡಿ.

ಎಲಿಮೆಂಟ್ ಬದಲಿಸುವಾಗ ಒಂದನ್ನೇ ಹಾಕಬೇಡಿ, ಸೆಟ್ ಪೂರ್ತಿ ಬದಲಿಸಿ. ಹಳತು ಹೊಸತು ಬೆರೆತರೆ ಕಿಲ್ನಿನ ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ಕಾದು ಆರಿದ ಹಳೇ ತಂತಿ ಒಣ ಕಡ್ಡಿಯಂತೆ ಪಟ್ಟನೆ ಮುರಿಯುತ್ತದೆ. ತೋಡಿನಿಂದ ಹೊರಗೆ ಇಣುಕಿದ್ದನ್ನು ಒಳಗೆ ತಳ್ಳಬೇಕಾದರೆ ಬ್ಲೋಟಾರ್ಚಿನಲ್ಲಿ ಕೆಂಪಗೆ ಕಾಯಿಸಿ, ಕಾದಿರುವಾಗಲೇ ಬಾಗಿಸಬೇಕು. ಹೊಸ ಸುರುಳಿಯನ್ನು ಎಲ್ಲ ಕಡೆ ಒಂದೇ ಸಮ ಎಳೆಯಿರಿ. ಸುತ್ತುಗಳು ಒತ್ತೊತ್ತಾಗಿ ಉಳಿದ ಜಾಗ ಮೊದಲು ಸುಟ್ಟುಹೋಗುತ್ತದೆ. ಮೂಲೆಗಳಲ್ಲಿ ಚೆನ್ನಾಗಿ ಕೂರಿಸಿ, ಕಾದ ಮೇಲೆ ಆ ಅವಕಾಶ ಇರುವುದಿಲ್ಲ. ಮೊದಲ ಸಲ ಮಡಕೆ ಇಡದೆ, ಖಾಲಿ ಕಿಲ್ನನ್ನು 1050 ಡಿಗ್ರಿ ತನಕ ಕಾಯಿಸಿ ಕೆಲವು ಗಂಟೆ ಹಿಡಿದರೆ ಆಗಲೇ ಹೇಳಿದ ಆಕ್ಸೈಡ್ ಚಿಪ್ಪು ಗಟ್ಟಿಯಾಗಿ ಕಟ್ಟುತ್ತದೆ. ಬಣ್ಣ ಬರಲಿ ಎಂದು ಒಳಗೆ ಕಟ್ಟಿಗೆ ಚೂರು, ಕರ್ಪೂರ ಹಾಕುವ ಪ್ರಯೋಗ ಈ ಚಿಪ್ಪನ್ನೇ ತಿನ್ನುತ್ತದೆ.

ಇಟ್ಟಿಗೆಯಲ್ಲಿ ಕೂದಲೆಳೆಯ ಬಿರುಕು ಬಂದರೆ ಗಾಬರಿ ಬೇಡ, ಅದು ಹಿಗ್ಗಿ ಕುಗ್ಗುವ ಜಾಗ. ಗಾರೆಯವನನ್ನು ಕರೆದು ಸಿಮೆಂಟ್ ಬಳಿಸಿದವರಿದ್ದಾರೆ. ಸಿಮೆಂಟ್ ಈ ಬಿಸಿಗೆ ಪುಡಿಯಾಗಿ ಮಡಕೆ ಮೇಲೆ ಉದುರುತ್ತದೆ. ಇಟ್ಟಿಗೆ ಮೇಲೆ ಗ್ಲೇಜ್ ಸುರಿದಿದ್ದರೆ ಆ ಭಾಗ ಕೆತ್ತಿ ತೆಗೆಯಿರಿ, ಬಿಟ್ಟರೆ ಮುಂದಿನ ಸಲ ಇನ್ನೂ ಆಳಕ್ಕೆ ಇಳಿಯುತ್ತದೆ. ಶೆಲ್ಫಿಗೆ ಕಾವೊಲಿನ್ ಮತ್ತು ಅಲ್ಯೂಮಿನಾ ಹೈಡ್ರೇಟ್ ಅರ್ಧರ್ಧ ಬೆರೆಸಿ ಬಳಿದರೆ ಗ್ಲೇಜ್ ಅಂಟಿದರೂ ಎಬ್ಬಿಸಬಹುದು. ತೋಡಿನ ಧೂಳನ್ನು ವ್ಯಾಕ್ಯೂಮಿನಲ್ಲಿ ಎಳೆಯಿರಿ, ಬಾಯಲ್ಲಿ ಊದಬೇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮುಚ್ಚಳಕ್ಕೆ ಬಿಳಿ ಹತ್ತಿಯಂಥ ಸೆರಾಮಿಕ್ ಫೈಬರ್ ಇದ್ದರೆ ಇನ್ನೂ ಜಾಗ್ರತೆ. ವರ್ಷಗಟ್ಟಲೆ ಕಾದ ಫೈಬರಿನಲ್ಲಿ ಕ್ರಿಸ್ಟೋಬಲೈಟ್ ಎಂಬ ಸಿಲಿಕಾ ಹರಳು ಹುಟ್ಟಿರುತ್ತದೆ. ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿ ತೆಗೆಯಿರಿ.

ಮಳೆಗಾಲದ ಒಂದು ಮಾತು. ಮಲೆನಾಡು, ಕರಾವಳಿಯ ಕಡೆ ಎರಡು ತಿಂಗಳು ಸುಮ್ಮನಿದ್ದ ಕಿಲ್ನ್ ಆನ್ ಮಾಡಿದ ತಕ್ಷಣ ಆರ್‌ಸಿಸಿಬಿ ಬೀಳುತ್ತದೆ. ಇಟ್ಟಿಗೆ ಥಂಡಿ ಹೀರಿರುತ್ತದೆ, ಕರೆಂಟ್ ಅದರ ಮೂಲಕ ಕವಚಕ್ಕೆ ಸೋರುತ್ತದೆ. "ಬೈಪಾಸ್ ಮಾಡಿಬಿಡಿ" ಎನ್ನುವ ಎಲೆಕ್ಟ್ರಿಷಿಯನ್ನನಿಗೆ ಟೀ ಕೊಟ್ಟು ಕಳಿಸಿ. ಒಳಗೆ ಹಳೇ ಕಾಲದ ಬಿಸಿಯಾಗುವ ಬಲ್ಬ್ ಒಂದನ್ನು ಒಂದೆರಡು ದಿನ ಉರಿಸಿ ಒಣಗಿಸಿ, ಬಲ್ಬ್ ತೆಗೆದು ಮತ್ತೆ ಪ್ರಯತ್ನಿಸಿ. ಒಣಗಿದ ಮೇಲೂ ಬಿದ್ದರೆ ಆಗ ದೋಷ ಬೇರೆಯೇ ಇದೆ.

ಸುಡುವ ದಿನದ ವಿಷಯ ಕುಂಬಾರರಿಗೆ ನಾನು ಹೇಳಬೇಕಿಲ್ಲ, ಹೊಸಬರಿಗಾಗಿ ಎರಡು ಮಾತು. ಹಸಿ ಮಡಕೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಒಳಗೆ ನೀರಿದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಮಡಕೆ ಒಡೆದು ಚೂರು ಎಲಿಮೆಂಟ್ ಮೇಲೆ ಬಿದ್ದರೆ ಆ ತಂತಿಯ ಕಥೆಯೂ ಅಲ್ಲಿಗೆ ಮುಗಿಯಿತು. 80–90 ಡಿಗ್ರಿಯಲ್ಲಿ ಕೆಲವು ಗಂಟೆ ಹಿಡಿದು ಆಮೇಲೆ ಏರಿಸಿ. ಮುಂದೆ ಮಣ್ಣಿನೊಳಗಿನ ಸಾವಯವ ಕಸ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅಪಾರ್ಟ್‌ಮೆಂಟಿನ ಯುಟಿಲಿಟಿಯಲ್ಲಿ ಕಿಲ್ನ್ ಇಟ್ಟು ಪಕ್ಕದ ಕೋಣೆಯಲ್ಲಿ ಮಲಗುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಹೊಗೆ ಹೊರಗೆ ಹಾಕುವ ಫ್ಯಾನ್ ಇಲ್ಲದ ಜಾಗದಲ್ಲಿ ಸುಡಬೇಡಿ. ಗೋಡೆಯಿಂದ ಒಂದೂವರೆ ಅಡಿ ದೂರ, ಪಕ್ಕದಲ್ಲಿ ಪ್ಲೈವುಡ್, ಪರದೆ, ಗ್ಯಾಸ್ ಸಿಲಿಂಡರ್ ಏನೂ ಇರಬಾರದು. ಇಣುಕುಕಿಂಡಿಯಲ್ಲಿ ಕೋನ್ ನೋಡುವಾಗ ವೆಲ್ಡಿಂಗಿನವರ ಮೂರನೇ ಅಥವಾ ಐದನೇ ನಂಬರಿನ ಕನ್ನಡಕ. ಕೂಲಿಂಗ್ ಗ್ಲಾಸ್ ಇನ್‌ಫ್ರಾರೆಡ್ ತಡೆಯುತ್ತದೆ ಅಂತ ನಂಬಬೇಡಿ. ನೈಲಾನ್ ದುಪಟ್ಟಾ ಹಾಕಿಕೊಂಡು ಹತ್ತಿರ ಹೋಗಬೇಡಿ.

ಮಧ್ಯದಲ್ಲಿ ಕರೆಂಟ್ ಹೋದರೆ ಮುಚ್ಚಳ ತೆಗೆಯದೆ ಸುಮ್ಮನಿರಿ, ಮಡಕೆಗೆ ಹೆಚ್ಚಾಗಿ ಏನೂ ಆಗುವುದಿಲ್ಲ. ನಾನು ಹೆದರುವುದು ಕರೆಂಟ್ ಬಂದಾಗ. ನೀವು ಕಾದು ಬೇಸತ್ತು ಮನೆಗೆ ಹೋಗಿರುತ್ತೀರಿ, ರಾತ್ರಿ ಎರಡಕ್ಕೆ ಕರೆಂಟ್ ಬರುತ್ತದೆ, ಕಂಟ್ರೋಲರ್ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಮನೆಗೆ ಹೋಗುವುದಾದರೆ ಐಸೋಲೇಟರ್ ಎಳೆದು ಹೋಗಿ.

ಆ ಬೆಸೆದುಕೊಂಡ ಕಾಂಟ್ಯಾಕ್ಟರ್ ಪ್ರಸಂಗದ ಮೇಲೆ ನಾನು ಪ್ಯಾನೆಲ್ಲಿನಲ್ಲಿ ಹಳೇ ಮಾದರಿಯ, ಮುಳ್ಳಿರುವ ಆಮೀಟರ್ ಹಾಕಿಸಿದೆ. ಎಲಿಮೆಂಟಿಗೆ ಹೋಗುವ ತಂತಿಯಲ್ಲೇ ಅದು ಕೂತಿದೆ. ಕಂಟ್ರೋಲರ್ ಏನು ಹೇಳಿತು ಎಂಬುದು ಅದಕ್ಕೆ ಬೇಕಾಗಿಲ್ಲ, ಕರೆಂಟ್ ಹರಿಯುತ್ತಿದೆಯೋ ಇಲ್ಲವೋ ಅಷ್ಟನ್ನೇ ತೋರಿಸುತ್ತದೆ. ತಾತ ಮತ್ತೊಮ್ಮೆ ಬಂದಾಗ ಕೋನ್ ಬಾಗಿ, ಕಿಲ್ನ್ ನಿಂತು ಅರ್ಧ ದಿನ ಆಗಿತ್ತು. ಮುಳ್ಳು ತೋರಿಸಿದೆ. ಸೊನ್ನೆಯ ಮೇಲೆ ಕೂತಿತ್ತು.

"ಇದು ಆರಿದ್ದಾ?"

"ಹೂಂ ತಾತ."

ಅವರು ಕನ್ನಡಕ ಏರಿಸಿ ಮುಳ್ಳನ್ನು ಒಂದು ಸಲ ನೋಡಿದರು. ಆಮೇಲೆ ಮುಂಗೈ ಹಿಂಭಾಗವನ್ನು ಕವಚದ ಹತ್ತಿರ ತಂದು, ಮುಟ್ಟದೆ, ಒಂದು ಗಳಿಗೆ ಹಿಡಿದರು. "ಹೊಟ್ಟೇಲಿನ್ನೂ ಬಿಸಿ ಐತೆ. ನಾಳೆ ತೆಗಿ" ಅಂದರು.